ಬ್ಯಾಂಕಿನ ಕುರ್ಚಿಯ ತುದಿಯಲ್ಲಿ ಶಿವಪುತ್ರಪ್ಪ

ಬ್ಯಾಂಕು ಬದಲಿಸುವುದೂ ಒಂದು ಕಮತ ಎಂಬುದು ಶಿವಪುತ್ರಪ್ಪನವರಿಗೆ ತಿಳಿದದ್ದು ಐವತ್ತೇಳನೆಯ ವಯಸ್ಸಿನಲ್ಲಿ, ಅದೂ ಆಫೀಸಿನ ಊಟದ ಕೋಣೆಯಲ್ಲಿ ಜೋಳದ ರೊಟ್ಟಿ ಮುರಿಯುತ್ತಿದ್ದಾಗ.

ಅವರು ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸಿನ ಒಂದು ಕಂಪನಿಯಲ್ಲಿ ಸಿವಿಲ್ ಎಂಜಿನಿಯರು. ಡಲ್ಲಾಸಿನ ಸುತ್ತ ಹೊಸ ಬಡಾವಣೆ ಎದ್ದಲ್ಲೆಲ್ಲ ಮಳೆನೀರು ಯಾವ ಕಡೆ ಹರಿದುಹೋಗಬೇಕೆಂದು ಗೊತ್ತುಮಾಡುವುದು ಅವರ ಕೆಲಸ. ನವಲಗುಂದದ ಎರೆಭೂಮಿಯಲ್ಲಿ ಬೆಳೆದವರಾದ್ದರಿಂದ ನೀರಿನ ಸ್ವಭಾವ ಅವರಿಗೆ ಚೆನ್ನಾಗಿ ಗೊತ್ತಿತ್ತು. ದುಡ್ಡಿನ ಸ್ವಭಾವ ಗೊತ್ತಿರಲಿಲ್ಲ. ಅಮೆರಿಕಕ್ಕೆ ಬಂದ ವಾರ ಯಾವ ಬ್ಯಾಂಕಿನ ಬಾಗಿಲು ಮೊದಲು ಕಣ್ಣಿಗೆ ಬಿತ್ತೋ ಅದೇ ಬ್ಯಾಂಕಿಗೆ ಇವತ್ತಿಗೂ ಸಂಬಳ ಹೋಗುತ್ತಿತ್ತು. ಇಷ್ಟು ವರ್ಷದ ನಂಬಿಕೆಗೆ ಆ ಬ್ಯಾಂಕು ಕೊಟ್ಟದ್ದೆಂದರೆ ವರ್ಷಕ್ಕೊಂದು ಕ್ಯಾಲೆಂಡರ್. ಅದರಲ್ಲಿ ಯುಗಾದಿಯೂ ಇರುತ್ತಿರಲಿಲ್ಲ, ಅಮಾವಾಸ್ಯೆಯೂ ಇರುತ್ತಿರಲಿಲ್ಲ.

ಆ ಮಧ್ಯಾಹ್ನ ಎದುರಿಗೆ ಕೂತಿದ್ದವನು ಸಂಪತ್, ಮೈಸೂರಿನ ಹುಡುಗ, ಪಕ್ಕದ ಮೇಜಿನವನು. ಹೆಂಡತಿ ಮಕ್ಕಳೊಂದಿಗೆ ಹವಾಯಿಗೆ ಹೋಗಿ ಬಂದು ಬಿಸಿಲಿಗೆ ಮುಖ ಕಪ್ಪು ಮಾಡಿಕೊಂಡಿದ್ದ. ಖರ್ಚು ಬಹಳ ಆಗಿರಬೇಕಲ್ಲ ಎಂದು ಶಿವಪುತ್ರಪ್ಪನವರು ಕನಿಕರದಿಂದ ಕೇಳಿದರೆ, ನನ್ನದೇನೂ ಆಗಲಿಲ್ಲ ಸರ್, ಬ್ಯಾಂಕಿನವರು ಕಳಿಸಿದರು ಅಂದ. ಶಿವಪುತ್ರಪ್ಪನವರ ರೊಟ್ಟಿ ಕೈಯಲ್ಲೇ ನಿಂತಿತು.

"ಹೊಸ ಅಕೌಂಟ್ ಓಪನ್ ಮಾಡಿದ್ರೆ ದುಡ್ಡು ಕೊಡ್ತಾರೆ ಸರ್. ಒಂದೆರಡು ತಿಂಗಳು ನಿಮ್ಮ ಸಂಬಳ ಆ ಬ್ಯಾಂಕಿಗೆ ಹೋಗ್ಬೇಕು, ಅಷ್ಟೇ. ಬೋನಸ್ ಬಿತ್ತಾ, ಆರು ತಿಂಗಳು ಸುಮ್ನಿದ್ದು ಕ್ಲೋಸ್ ಮಾಡಿ. ಅಷ್ಟರಲ್ಲಿ ಸಂಬಳ ಇನ್ನೊಂದು ಬ್ಯಾಂಕಿಗೆ ಶಿಫ್ಟ್ ಆಗಿರ್ಬೇಕು."

ಇದರಲ್ಲಿ ಮೋಸವಿಲ್ಲವೇ ಎಂದು ಶಿವಪುತ್ರಪ್ಪನವರು ಮೂರು ರೀತಿಯಲ್ಲಿ ಕೇಳಿದರು. ಮೋಸವಿಲ್ಲ, ಬ್ಯಾಂಕಿನವರೇ ಮನೆಗೆ ಕೂಪನ್ ಕಳಿಸುತ್ತಾರೆ, ನೀವೇ ಕಸದ ಬುಟ್ಟಿಗೆ ಹಾಕಿರುತ್ತೀರಿ ಎಂದ ಸಂಪತ್. ಒಂದೇ ಒಂದು ಕಟ್ಟಳೆ: ಯಾರಿಗೂ ಹೇಳಬಾರದು. ಎಲ್ಲರೂ ಶುರು ಮಾಡಿದರೆ ಬ್ಯಾಂಕಿನವರು ಕೊಡುವುದನ್ನೇ ನಿಲ್ಲಿಸಿಬಿಡುತ್ತಾರೆ.

ಶಿವಪುತ್ರಪ್ಪನವರು ಅಂದು ಸಂಜೆಯೇ ಕಟ್ಟಳೆ ಮುರಿದು ಹೆಂಡತಿ ದಾಕ್ಷಾಯಣಿಗೆ ಹೇಳಿದರು. ಒಂದೇ ಹೊಲದಲ್ಲಿ ಇಷ್ಟು ವರ್ಷ ಒಂದೇ ಬೆಳೆ ತೆಗೆದದ್ದು ತಪ್ಪಾಯಿತು, ಇನ್ನು ಮುಂಗಾರಿಗೊಂದು ಬ್ಯಾಂಕು, ಹಿಂಗಾರಿಗೊಂದು ಬ್ಯಾಂಕು ಎಂದು ವಿವರಿಸಿದರು. ಆಮೇಲೆ, ಗಂಡಸರು ಹೆಂಡತಿಯ ಎದುರು ಆಡಬಾರದ ಒಂದು ದೊಡ್ಡ ಮಾತನ್ನೂ ಆಡಿಬಿಟ್ಟರು.

"ನೋಡಕೋತ ಇರು. ನಮ್ಮ ಸಿಂಚನಾನ ಮದುವಿ ಹೋಳಿಗಿ ಬ್ಯಾಂಕಿನವರ ಹಾಕ್ತಾರ."

ಸಿಂಚನಾ ಅವರ ಒಬ್ಬಳೇ ಮಗಳು, ಆಸ್ಟಿನ್ನಿನಲ್ಲಿ ಕೆಲಸದಲ್ಲಿದ್ದಳು. ಅಲ್ಲೇ ಜೊತೆಯಲ್ಲಿ ಓದಿದ ಅಭಿರಾಮನನ್ನು ಮೆಚ್ಚಿಕೊಂಡಿದ್ದಳು. ಅಭಿರಾಮನ ತಂದೆ ಡಾಕ್ಟರ್ ಸೂರ್ಯನಾರಾಯಣ, ತಾಯಿ ಮೀರಾ, ಮೈಸೂರಿನ ಬ್ರಾಹ್ಮಣರು. ಡಾಕ್ಟರು ರಿಟೈರ್ ಆಗಿ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನಲ್ಲಿ ಇದ್ದರು. ಜಾತಿ ಬೇರೆ ಎಂದು ಎರಡೂ ಮನೆಯಲ್ಲಿ ಒಂದೊಂದು ವಾರ ಮುಖ ದಪ್ಪಗಾಗಿ, ಆಮೇಲೆ ತಾನೇ ಇಳಿದಿತ್ತು. ಮುಂದಿನ ಮಾರ್ಚಿಗೆ ಮದುವೆ ಎಂದಾಯಿತು. ದೇವಸ್ಥಾನದ ಸಭಾಂಗಣ, ಮಂಟಪ, ಓಲಗ ಎಲ್ಲ ಡಾಕ್ಟರ ಕಡೆಗೆ. ಊಟ ಮಾತ್ರ ನಮ್ಮದು ಎಂದು ದಾಕ್ಷಾಯಣಿ ಬಾಯಿಬಿಟ್ಟು ಕೇಳಿ ತೆಗೆದುಕೊಂಡಿದ್ದರು.

ಅವರಿಗಿದ್ದ ಆಸೆ ಅದೊಂದೇ. ಮಂಟಪ ಹೇಗಾದರೂ ಇರಲಿ, ಸೀರೆ ಯಾವುದಾದರೂ ಇರಲಿ. ಬಾಳೆಎಲೆ ಹಾಕಿ ಪಂಕ್ತಿಯಲ್ಲಿ ಕೂರಿಸಬೇಕು, ಹೋಳಿಗೆಯ ಮೇಲೆ ಹೋಳಿಗೆ ಬೀಳಬೇಕು, ತುಪ್ಪ ಹರಿಯಬೇಕು, ಕೊನೆಗೆ ಜನ ಎಲೆಗೆ ಎರಡೂ ಕೈ ಅಡ್ಡ ಹಿಡಿದು ಸಾಕ್ರೀ ಎಂದು ಬೇಡಿಕೊಳ್ಳಬೇಕು. ಜಾತಿ ಬಿಟ್ಟು ಮಾಡಿದ ಮದುವೆ ಎಂದು ಯಾರ ಮನಸ್ಸಿನಲ್ಲಾದರೂ ಒಂದು ಹರಳು ಉಳಿದಿದ್ದರೆ ಅದು ಆ ತುಪ್ಪದಲ್ಲಿ ಕರಗಿಹೋಗಬೇಕು.

ಹೀಗೆ ಕಮತ ಶುರುವಾಯಿತು. ಸಂಪತ್ ಇದನ್ನೆಲ್ಲ ಸೋಫಾದ ಮೇಲೆ ಮಲಗಿ ಫೋನಿನಲ್ಲೇ ಮುಗಿಸುತ್ತಿದ್ದ. ಶಿವಪುತ್ರಪ್ಪನವರಿಗೆ ಅದು ಸರಿಕಾಣಲಿಲ್ಲ. ಒಬ್ಬರ ಮನೆಯಿಂದ ದುಡ್ಡು ತೆಗೆದುಕೊಳ್ಳುವುದು, ಆ ಮನೆಯ ಹೊಸ್ತಿಲನ್ನೂ ತುಳಿಯದೆ ಇರುವುದು, ಇದು ಯಾವ ಸೀಮೆಯ ರೀತಿ? ಅವರು ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸ್ಟೀಲ್ ಡಬ್ಬಿಯಲ್ಲಿ ದಾಕ್ಷಾಯಣಿ ಮಾಡಿದ ಚಕ್ಕುಲಿ ಹಾಕಿಕೊಂಡು ಬ್ಯಾಂಕಿಗೆ ಹೊರಡುತ್ತಿದ್ದರು. ಅಕೌಂಟು ತೆರೆಯುವಾಗ ಒಂದು ಡಬ್ಬಿ, ಬೋನಸ್ ತಿಂದು ಅಕೌಂಟು ಮುಚ್ಚುವಾಗ ಇನ್ನೊಂದು ಡಬ್ಬಿ. ಉಪ್ಪು ತಿಂದ ಮನೆಯನ್ನು ಹೇಳದೆ ಕೇಳದೆ ಬಿಟ್ಟುಬರಲು ಅವರಿಂದ ಆಗುತ್ತಿರಲಿಲ್ಲ.

ಬ್ಯಾಂಕಿನ ಮೇಜಿನೆದುರು ಅವರು ಕೂರುವ ಭಂಗಿಯೂ ಒಂದಿತ್ತು. ಹುಡುಗನಾಗಿದ್ದಾಗ ಅಜ್ಜನ ಜೊತೆ ಊರಿನ ಸಹಕಾರಿ ಸೊಸೈಟಿಗೆ ಹೋಗುತ್ತಿದ್ದರು. ರೊಕ್ಕ ಕೊಡುವವರ ಎದುರು ಬೆನ್ನು ಒರಗಿಸಿ ಕೂರಬಾರದು ಎಂದು ಅಜ್ಜ ಕಲಿಸಿದ್ದ. ಆದ್ದರಿಂದ ಕುರ್ಚಿಯ ತುದಿಯಲ್ಲಿ ಅರ್ಧ ಕುಂಡಿ ಊರಿ, ಮೊಣಕಾಲು ಜೋಡಿಸಿ, ಎರಡೂ ಕೈ ಹೊಟ್ಟೆಯ ಮೇಲೆ ಕಟ್ಟಿ, ತಲೆ ತುಸು ಬಾಗಿಸಿ ಕೂರುತ್ತಿದ್ದರು. ಬ್ಯಾಂಕಿನ ಹುಡುಗಿ ಆರಾಮಾಗಿ ಕೂತುಕೊಳ್ಳಿ ಎಂದು ಎಷ್ಟು ಹೇಳಿದರೂ ತುದಿ ಬಿಡುತ್ತಿರಲಿಲ್ಲ.

ಅಮೆರಿಕದವರು ಯಾರಾದರೂ ನೋಡಿದ್ದರೆ ಪಾಪ, ಬೆನ್ನುನೋವಿನ ಮನುಷ್ಯ ಅಂದುಕೊಳ್ಳುತ್ತಿದ್ದರು. ಆದರೆ ಗಾಜಿನ ಗೋಡೆಯಾಚೆಯಿಂದ ನೋಡಿದವಳು ಅನಸೂಯ.

ಅನಸೂಯ ಡಲ್ಲಾಸ್ ಪಕ್ಕದ ಇರ್ವಿಂಗಿನಲ್ಲಿ ಅವರದೇ ಓಣಿಯವಳು, ರೋಣದ ಕಡೆಯವಳು. ಅವಳ ಅಪ್ಪ ಹಳ್ಳಿಯ ಸೊಸೈಟಿಯಲ್ಲಿ ಜೀವಮಾನವಿಡೀ ಸೆಕ್ರೆಟರಿಯಾಗಿದ್ದವರು. ಔಷಧದ ಅಂಗಡಿಗೆ ಬಂದವಳು ಪಕ್ಕದ ಬ್ಯಾಂಕಿನೊಳಗೆ ಶಿವಪುತ್ರಪ್ಪನವರನ್ನು ಕಂಡಳು. ವಿಭೂತಿ ಕಂಡಳು, ಇಸ್ತ್ರಿ ಅಂಗಿ ಕಂಡಳು, ಮೇಜಿನ ಮೇಲೆ ಸಾಹೇಬರ ಕಡೆ ಮೆಲ್ಲಗೆ ದೂಡುತ್ತಿದ್ದ ಡಬ್ಬಿ ಕಂಡಳು. ಎಲ್ಲಕ್ಕಿಂತ ಹೆಚ್ಚಾಗಿ, ಕುರ್ಚಿಯ ತುದಿ ಕಂಡಳು. ಇಂಥವರನ್ನು ನೋಡುತ್ತಲೇ ಬೆಳೆದವಳು ಅವಳು.

ಮನೆಗೆ ಬಂದು ಗಂಡನಿಗೆ ಹೇಳಿದರೆ ಅವನು ನಂಬಲಿಲ್ಲ. "ಸಾಲಾ ಕೇಳಾಕ ಬಂದವ್ರು ಹೆಂಗ ಕುಂದರತಾರಂತ ನನಗ ಕಲಸಬ್ಯಾಡ್ರಿ," ಎಂದಳು ಅನಸೂಯ. "ನಮ್ಮಪ್ಪನ ಟೇಬಲ್ ಮುಂದ ಅರ್ಧ ತಾಲೂಕು ಹಿಂಗ ಕುಂತದ್ದು ನೋಡೀನಿ. ಚಕ್ಕಲಿ ತಂದ್ರಂತೂ ಮುಗದ ಹೋತು, ಅದು ಹಳೇ ಸಾಲದ ಮ್ಯಾಲ ಹೊಸ ಸಾಲ."

ಮುಂದಿನ ತಿಂಗಳು ಅವಳು ಅವರನ್ನು ಬೇರೊಂದು ಬ್ಯಾಂಕಿನಲ್ಲಿ ಕಂಡಳು. ಮೊದಲಿನವರು ಕೊಡಲಿಲ್ಲ ಎಂದಾಯಿತು.

ಅನಸೂಯಳ ಮನಸ್ಸು ಒಳ್ಳೆಯದು. ಅದರಿಂದಲೇ ಮುಂದಿನದೆಲ್ಲ ಆದದ್ದು. ನೇರವಾಗಿ ಕೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮರ್ಯಾದಸ್ಥರನ್ನು ರೊಕ್ಕದ ವಿಷಯ ನೇರವಾಗಿ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಒಂದು ಬಟ್ಟಲು ಪಲ್ಯ ಕೊಡುವ ನೆಪದಲ್ಲಿ ಅವಳು ದಾಕ್ಷಾಯಣಿಯ ಅಡುಗೆಮನೆಗೆ ಹೋಗಿ, ಅಣ್ಣಾರು ಈಗೀಗ ಬ್ಯಾಂಕಿಗೆ ಬಹಳ ಓಡಾಡುತ್ತಾರಲ್ಲ ಎಂದು ಸುತ್ತು ಹಾಕಿ ಕೇಳಿದಳು. ದಾಕ್ಷಾಯಣಿ ಆ ಹೊತ್ತಿಗೆ ಮುಂದಿನ ಬ್ಯಾಂಕಿನ ಚಕ್ಕುಲಿ ಕರಿಯುತ್ತ, ಎಣ್ಣೆಯ ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಗಂಡನ ಈ ಹೊಸ ಹವ್ಯಾಸದಿಂದ ಅವರು ಬೇಸತ್ತು ಹೋಗಿದ್ದರು.

"ಅವರ ಬ್ಯಾಂಕಿನ ಸುದ್ದಿ ತಗೀಬ್ಯಾಡವಾ ಅನಸೂಯಾ. ನಾಲ್ಕು ಮಂದಿ ಮುಂದ ಹೇಳೂವಂಥಾದ್ದಲ್ಲ. ಮದುವಿ ಒಂದು ಮುಗದು ಹೋಗ್ಲಿ."

ಅನಸೂಯ ಮನೆಗೆ ಹೋಗಿ ತಾನೂ ಕಣ್ಣು ಒರೆಸಿಕೊಂಡಳು. ಅಲ್ಲಿ ಎಣ್ಣೆ ಇರಲಿಲ್ಲ.

ಇರ್ವಿಂಗಿನ ಬ್ಯಾಂಕುಗಳು ಒಂದು ಸುತ್ತು ಮುಗಿದ ಮೇಲೆ ಸಂಪತ್ ಹೊಸ ಸುದ್ದಿ ತಂದ. ಆಸ್ಟಿನ್ನಿನಲ್ಲೂ ಹ್ಯೂಸ್ಟನ್ನಿನಲ್ಲೂ ಮಾತ್ರ ಇರುವ ಕೆಲವು ಸಣ್ಣ ಬ್ಯಾಂಕುಗಳು ಇನ್ನೂ ಹೆಚ್ಚು ಕೊಡುತ್ತವೆ, ಆದರೆ ಬ್ರಾಂಚಿಗೇ ಬಂದು ತೆರೆಯಬೇಕು. ಬ್ರಾಂಚಿಗೇ ಬರಬೇಕು ಎನ್ನುವ ಬ್ಯಾಂಕಿನ ಮೇಲೆ ಶಿವಪುತ್ರಪ್ಪನವರಿಗೆ ನೋಡದೆಯೇ ಗೌರವ ಹುಟ್ಟಿತು. ಮಗಳನ್ನು ನೋಡಿದಂತೆಯೂ ಆಯಿತು ಎಂದು ಒಂದು ಶುಕ್ರವಾರ ರಜೆ ಹಾಕಿ ಆಸ್ಟಿನ್ನಿಗೆ ಹೋದರು.

ಸಿಂಚನಾ ಆಫೀಸಿನಲ್ಲಿದ್ದಳು. ಅಭಿರಾಮ ಕಾರು ತಂದು, ಅಂಕಲ್, ಎಲ್ಲಿಗೆ ಬೇಕಾದರೂ ಡ್ರೈವ್ ಮಾಡುತ್ತೇನೆ ಎಂದ. ಸ್ವಲ್ಪ ಕೆಲಸವಿದೆ ಎಂದು ಶಿವಪುತ್ರಪ್ಪನವರು ಬ್ಯಾಂಕಿನ ವಿಳಾಸ ಕೊಟ್ಟರು. ನೀನು ಒಳಗೆ ಬರಬೇಡಪ್ಪಾ, ಕಾರಿನಲ್ಲೇ ಇರು ಎಂದು ಹೇಳಿ, ಡಬ್ಬಿ ಹಿಡಿದು ಇಳಿದರು. ಭಾವಿ ಅಳಿಯನ ಎದುರು ಕೂಪನ್ ಬಿಚ್ಚುವುದು ಚೆನ್ನಾಗಿರುವುದಿಲ್ಲ ಎಂಬುದು ಅವರ ಲೆಕ್ಕ. ಅಭಿರಾಮ ಕಾರಿನಿಂದ ಗಾಜಿನಾಚೆ ನೋಡಿದ. ಅವನಿಗೆ ಸೊಸೈಟಿ ಗೊತ್ತಿರಲಿಲ್ಲ. ಆದರೆ ಹಿರಿಯ ಎಂಜಿನಿಯರೊಬ್ಬರು ತನ್ನ ವಯಸ್ಸಿನ ಹುಡುಗನೆದುರು ಹಾಗೆ ಕೂತದ್ದನ್ನು ಕಂಡು, ದುಡ್ಡಿನ ತೊಂದರೆಯೇ ಇರಬೇಕು ಎಂದುಕೊಂಡ. ಹಿಂದಿರುಗುವಾಗ, ತನಗೆ ಬರುವಷ್ಟು ಕನ್ನಡದಲ್ಲಿ ಮೆತ್ತಗೆ ಹೇಳಿದ.

"ಅಂಕಲ್, ನಿಮಗೆ ಏನಾದ್ರೂ ಬೇಕಿದ್ರೆ... ಯು ಕ್ಯಾನ್ ಆಸ್ಕ್ ಮಿ. ಎನಿಥಿಂಗ್."

ಕಾಫಿ ಬೇಕೇ ಎಂದು ಕೇಳುತ್ತಿದ್ದಾನೆಂದು ಶಿವಪುತ್ರಪ್ಪನವರು ತಿಳಿದರು. "ನನಗೇನೂ ಬ್ಯಾಡಪಾ. ನೀವಿಬ್ಬರು ಚಲೋ ಇರ್ರಿ, ಅಷ್ಟ ಸಾಕು," ಎಂದರು. ಅಭಿರಾಮ ಮುಂದಿನ ಸಿಗ್ನಲ್ಲಿನಲ್ಲಿ ಹಸಿರು ಬಂದರೂ ಹೊರಡಲಿಲ್ಲ. ಹಿಂದಿನವರು ಹಾರನ್ ಹೊಡೆದರು.

ಅಂದು ಸಂಜೆ ಅವನು ಸಿಂಚನಾಗೆ ಹೇಳಲಾರದೆ ತಾಯಿಗೆ ಫೋನ್ ಮಾಡಿದ. ಮೀರಾ ಡಾಕ್ಟರಿಗೆ ಹೇಳಿದರು. ಡಾಕ್ಟರು, ಲಕ್ಷಣ ಒಂದೇ ಇದ್ದರೆ ರೋಗ ಎನ್ನಲಾಗದು, ಇನ್ನೊಂದು ಲಕ್ಷಣ ಕಾಣಲಿ ಎಂದರು.

ಇನ್ನೊಂದು ಲಕ್ಷಣ ಎರಡು ವಾರದಲ್ಲಿ ತಾನಾಗಿಯೇ ಕಾರು ನಡೆಸಿಕೊಂಡು ಸ್ಟಾಫರ್ಡಿಗೆ ಬಂತು. ಅಲ್ಲಿನ ಇಂಡಿಯನ್ ಅಂಗಡಿಗಳ ಸಾಲಿನಲ್ಲಿ, ಸೀರೆ ಅಂಗಡಿಗೂ ತರಕಾರಿ ಅಂಗಡಿಗೂ ನಡುವೆ, ಶಿವಪುತ್ರಪ್ಪನವರ ಮುಂದಿನ ಬ್ಯಾಂಕಿತ್ತು. ಡಾಕ್ಟರ್ ಸೂರ್ಯನಾರಾಯಣ ಕೊತ್ತಂಬರಿ ಸೊಪ್ಪಿಗೆ ಬಂದವರು, ಬೀಗರ ಕಾರನ್ನು ಗುರುತಿಸಿ, ಇದೇನು ಹೇಳದೆ ಕೇಳದೆ ಎಂದು ಹುಡುಕುತ್ತ ಬಂದು, ಗಾಜಿನೊಳಗೆ ಆ ದೃಶ್ಯ ಕಂಡರು. ಡಲ್ಲಾಸಿನಿಂದ ನಾಲ್ಕು ಗಂಟೆ ಡ್ರೈವ್ ಮಾಡಿ ಬಂದು ಸಾಲ ಕೇಳುವುದೆಂದರೆ, ಡಲ್ಲಾಸಿನಲ್ಲಿ ಯಾವ ಬ್ಯಾಂಕೂ ಬಾಗಿಲು ತೆರೆಯುತ್ತಿಲ್ಲ ಎಂದೇ ಅರ್ಥ. ತನ್ನನ್ನು ಕಂಡರೆ ಆ ಮನುಷ್ಯನಿಗೆ ಅವಮಾನವಾದೀತೆಂದು ಡಾಕ್ಟರು ನುಗ್ಗೆಕಾಯಿಯ ರಾಶಿಯ ಹಿಂದೆ ಅವಿತು ನಿಂತರು. ಅಂಗಡಿಯವನು ಬಂದು, ಸಾರ್, ಎಷ್ಟು ಕೊಡಲಿ ಎಂದು ಕೇಳಿದ್ದಕ್ಕೆ ನಾಲ್ಕು ಪೌಂಡು ನುಗ್ಗೆಕಾಯಿ ಕೊಳ್ಳಬೇಕಾಯಿತು.

ಊರಿಗೆ ಬಂದು ಬೀಗರ ಮನೆಗೆ ಹೋಗದಿದ್ದರೆ ತಪ್ಪಾಗುತ್ತದೆಂದು ಶಿವಪುತ್ರಪ್ಪನವರು ಬ್ಯಾಂಕು ಮುಗಿಸಿ ನೇರ ಅವರ ಮನೆಗೇ ಬಂದರು. ಇಲ್ಲೇ ಸಣ್ಣ ಕೆಲಸವಿತ್ತು ಎಂದರು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮೀರಾ, ಈ ಮನುಷ್ಯ ಎಷ್ಟು ಹೊತ್ತು ಊಟ ಬಿಟ್ಟಿದ್ದಾನೋ ಎಂದು, ನುಗ್ಗೆಕಾಯಿ ಹುಳಿಯಿಂದ ಹಿಡಿದು ಫ್ರಿಜ್ಜಿನಲ್ಲಿದ್ದುದೆಲ್ಲವನ್ನೂ ಬಡಿಸಿದರು. ಬೀಗರ ಪ್ರೀತಿ ಕಂಡು ಶಿವಪುತ್ರಪ್ಪನವರು ಎಲ್ಲವನ್ನೂ ತಿಂದರು. ಅವರು ತಿಂದಷ್ಟೂ ಮೀರಾಗೆ ದುಃಖ ಹೆಚ್ಚಾಯಿತು.

ಕೈ ತೊಳೆದ ಮೇಲೆ ಡಾಕ್ಟರು ಗಂಟಲು ಸರಿಮಾಡಿಕೊಂಡರು. ಈಗಿನ ಕಾಲದಲ್ಲಿ ದೊಡ್ಡ ಊಟ ಯಾರಿಗೂ ಬೇಡ, ಒಂದು ಪಲಾವ್, ಒಂದು ಜಾಮೂನ್ ಮಾಡಿಸೋಣ, ಅದನ್ನೂ ನಾವೇ ನೋಡಿಕೊಳ್ಳುತ್ತೇವೆ ಎಂದು, ರೋಗಿಗೆ ನೋವಾಗದಂತೆ ಸೂಜಿ ಚುಚ್ಚುವ ದನಿಯಲ್ಲಿ ಹೇಳಿದರು.

ಶಿವಪುತ್ರಪ್ಪನವರು ಸೋಫಾದಲ್ಲಿ ನೆಟ್ಟಗಾದರು. "ಡಾಕ್ಟ್ರ, ಬ್ಯಾರೆ ಏನ ಕೇಳ್ರಿ, ಹೂಂ ಅಂತೀನಿ. ಊಟ ಮಾತ್ರ ನಮ್ದು. ಅದಕ್ಕಂತನ ನಾ ಇಷ್ಟೆಲ್ಲಾ ಅಡ್ಡಾಡಾಕಹತ್ತೀನಿ."

"ಆಯ್ತು ಶಿವಪುತ್ರಪ್ಪನೋರೆ, ನಿಮ್ಮಿಷ್ಟ," ಎಂದು ಡಾಕ್ಟರು ಎದ್ದು ಒಳಗೆ ಹೋದರು. ಸ್ವಾಭಿಮಾನದ ಈ ಕಾಯಿಲೆಗೆ ತಮ್ಮಲ್ಲಿ ಔಷಧವಿಲ್ಲ ಎಂದು ಹೆಂಡತಿಗೆ ಹೇಳಿದರು.

ಇತ್ತ ಇರ್ವಿಂಗಿನಲ್ಲಿ ಅನಸೂಯ ಸುಮ್ಮನೆ ಕೂತಿರಲಿಲ್ಲ. ಕಷ್ಟದಲ್ಲಿರುವ ನಮ್ಮವರ ಒಂದು ಕುಟುಂಬಕ್ಕೆ ಸಹಾಯ, ಹೆಸರು ಕೇಳಬೇಡಿ, ಮಗಳ ಮದುವೆ ಬೇರೆ ಹತ್ತಿರ ಬಂದಿದೆ ಎಂದು ಕನ್ನಡ ಸಂಘದ ಮನೆಮನೆಗೂ ಹೋಗಿ ಬಂದಿದ್ದಳು. ಆ ವರ್ಷ ಸಂಘದಲ್ಲಿ ಮಗಳ ಮದುವೆ ಇಟ್ಟುಕೊಂಡಿದ್ದ ಕುಟುಂಬ ಒಂದೇ. ಹೀಗೆ ಗುಟ್ಟು ಗುಟ್ಟಾಗಿಯೇ ಉಳಿದು ಎಲ್ಲರಿಗೂ ಗೊತ್ತಾಯಿತು. ಗೊತ್ತಾಗದಿದ್ದವರು ಶಿವಪುತ್ರಪ್ಪ ದಂಪತಿ ಮತ್ತು ಸಂಪತ್. ಸಂಪತ್ ಅಕೌಂಟು ತೆರೆಯುವ ಗಡಿಬಿಡಿಯಲ್ಲಿ ಸಂಘಕ್ಕೆ ಹೋಗುತ್ತಲೇ ಇರಲಿಲ್ಲ.

ಸಂಕ್ರಾಂತಿಯ ಕೂಟದಲ್ಲಿ ಎಳ್ಳು ಬೀರುವಾಗ, ಅನಸೂಯ ಮೂಲೆಯಲ್ಲಿ ಯಾರಿಂದಲೋ ನೋಟು ಇಸಿದುಕೊಳ್ಳುವುದು ಶಿವಪುತ್ರಪ್ಪನವರ ಕಣ್ಣಿಗೆ ಬಿತ್ತು. ಏನು ಎತ್ತ ಎಂದು ವಿಚಾರಿಸಿದರು. ಅನಸೂಯ ತೊದಲುತ್ತ, ಕಷ್ಟದಲ್ಲಿರುವ ಒಬ್ಬರಿಗೆ ಎಂದಳು. ಶಿವಪುತ್ರಪ್ಪನವರಿಗೆ ಸಿಟ್ಟು ಬಂತು: ಎಲ್ಲರನ್ನೂ ಕೇಳಿದ್ದೀಯ, ನನ್ನನ್ನು ಮಾತ್ರ ಯಾಕೆ ಬಿಟ್ಟೆ, ನಾನು ಕೊಡುವುದಿಲ್ಲವೆಂದೇ? ಜೇಬಿನಲ್ಲಿ ಆಸ್ಟಿನ್ನಿನ ಬ್ಯಾಂಕು ಕೊಟ್ಟ ಬೋನಸು ನೋಟಾಗಿ ಬೆಚ್ಚಗಿತ್ತು. ಅಷ್ಟನ್ನೂ ತೆಗೆದು ಅವಳ ಕೈಗಿಟ್ಟರು.

"ಅಣ್ಣಾರ, ನಿಮ್ಮ ಹತ್ರ ಹೆಂಗ ತಗೊಳ್ಳಿರಿ ನಾ?"

"ತಗೋ. ಹೆಸರು ನನಗ ಹೇಳಬ್ಯಾಡ. ಕೇಳಾಕ ನಾಚತಾನಂದ್ರ ಮರ್ಯಾದಿ ಇರೋ ಮನಶಾನ ಇರಬೇಕು. ಆದ್ರ ಅವಗ ಒಂದು ಮಾತು ಹೇಳು, ಇನ್ನ ಮ್ಯಾಲಾದ್ರೂ ಸ್ವಲ್ಪ ಹುಷಾರಿಂದ ಇರು ಅಂತ."

ಸುತ್ತ ನಿಂತವರಲ್ಲಿ ಕೆಲವರು ಬೇರೆ ಕಡೆ ತಿರುಗಿದರು. ಒಬ್ಬರು ಮೂಗು ಒರೆಸಿಕೊಂಡರು. ಅಂದಿನಿಂದ ಶಿವಪುತ್ರಪ್ಪನವರನ್ನು ಕಂಡರೆ ಸಂಘದ ಹಿರಿಯರೂ ಎದ್ದು ನಿಲ್ಲತೊಡಗಿದರು. ವಯಸ್ಸಾಗುತ್ತ ಬಂದ ಹಾಗೆ ಜನ ಗೌರವ ಕೊಡುತ್ತಾರೆ ಎಂದು ಅವರು ಹೆಂಡತಿಗೆ ಹೇಳಿದರು.

ಮದುವೆಯ ದಿನ ಬಂತು. ಸ್ಟಾಫರ್ಡಿನ ಹತ್ತಿರದ ದೇವಸ್ಥಾನದ ಸಭಾಂಗಣ ತುಂಬಿತು. ಡಾಕ್ಟರ ಕಡೆಯ ಪುರೋಹಿತರೂ ಶಿವಪುತ್ರಪ್ಪನವರ ಕಡೆಯ ಸ್ವಾಮಿಗಳೂ ಒಬ್ಬರಾದ ಮೇಲೆ ಒಬ್ಬರು ಮಂತ್ರ ಹೇಳಿ, ಇಬ್ಬರೂ ತಮ್ಮದೇ ಮುಖ್ಯ ಮುಹೂರ್ತವೆಂದು ನಂಬಿ ಸಂತೋಷಪಟ್ಟರು. ಅಕ್ಷತೆ ಬಿತ್ತು. ಡಲ್ಲಾಸಿನಿಂದ ಬಂದವರೆಲ್ಲ ಬೆಳಗಿನ ಜಾವ ಹೊರಟವರು, ಹಸಿದಿರುತ್ತಾರೆ ಎಂದು ದಾಕ್ಷಾಯಣಿ ಮಂಟಪದಿಂದ ಇಳಿದವರೇ ತುಪ್ಪದ ಪಾತ್ರೆ ಹಿಡಿದರು. ಅಡುಗೆಯವನು ನರಸಿಂಹ, ಉಡುಪಿಯವನು. ಊರ ತುಂಬ ಹೆಸರಾದವನು. ದಾಕ್ಷಾಯಣಿ ಅವನ ಪಕ್ಕದಲ್ಲೇ ನಿಂತು, ತಮ್ಮ ಕಡೆಯ ಹೋಳಿಗೆ ಹೀಗಿರಬೇಕು, ಹೂರಣ ಹೀಗೆ ತುಂಬಿರಬೇಕು ಎಂದು ಎರಡು ದಿನ ಹೇಳಿ ಮಾಡಿಸಿದ್ದರು.

ಪಂಕ್ತಿ ಕೂತಿತು. ಕೋಸಂಬರಿ ಬಂತು, ಪಲ್ಯ ಬಂತು, ಹೋಳಿಗೆ ಬಂತು. ಮೊದಲನೆಯ ಹೋಳಿಗೆಗೇ ಜನ ಎಲೆಗೆ ಕೈ ಅಡ್ಡ ಹಿಡಿದರು.

ಒಬ್ಬರು ಅರ್ಧ ಸಾಕು ಎಂದರು. ಒಬ್ಬರು ಶುಗರ್ ಇದೆ ಎಂದರು. ಅವರಿಗೆ ಶುಗರ್ ಇಲ್ಲವೆಂದು ಪಕ್ಕದಲ್ಲಿ ಕೂತ ಅವರ ಹೆಂಡತಿಗೆ ಗೊತ್ತಿತ್ತು, ಆದರೂ ತಲೆಯಾಡಿಸಿದಳು. ಒಂದಿಡೀ ಸಾಲು, ಸಾಲ ಮಾಡಿದವರ ಮನೆಯ ಊಟ ಹೊಟ್ಟೆ ತುಂಬ ಉಂಡರೆ ಪಾಪ ಎಂದು ದಾರಿಯಲ್ಲೇ ಬೀನ್ಸ್ ಹಾಕಿದ ಟಾಕೋ ತಿಂದು ಬಂದಿತ್ತು. ಡಾಕ್ಟರ ಕಡೆಯವರೂ, ಡಾಕ್ಟರು ಮೊದಲೇ ಕಿವಿಯಲ್ಲಿ ಹೇಳಿದ್ದರಿಂದ, ಅನ್ನ ಸಾರಿಗೇ ಊಟ ನಿಲ್ಲಿಸಿದರು. ಅಷ್ಟು ಹಿತವಂತರ ಕೈಗಳು ಅಷ್ಟು ಎಲೆಗಳ ಮೇಲೆ ಒಟ್ಟಿಗೆ ಅಡ್ಡ ಬಂದದ್ದನ್ನು ಆ ಸಭಾಂಗಣ ಹಿಂದೆಂದೂ ಕಂಡಿರಲಿಲ್ಲ.

ನರಸಿಂಹ ಶಿವಪುತ್ರಪ್ಪನವರನ್ನು ಹುಡುಕಿಕೊಂಡು ಬಂದ. "ನನ್ನ ಹೋಳಿಗೆಯಲ್ಲಿ ಎಂಥ ತಪ್ಪುಂಟು, ಅದನ್ನೊಂದು ಹೇಳಿ ಮಾರಾಯ್ರೆ. ಬುಟ್ಟಿ ಹೋದ ಹಾಗೇ ವಾಪಸ್ ಬರ್ತಾ ಉಂಟು."

ಪಂಕ್ತಿಯ ಕೊನೆಯಲ್ಲಿ ದಾಕ್ಷಾಯಣಿ ತುಪ್ಪದ ಪಾತ್ರೆ ಹಿಡಿದು ನಿಂತಿದ್ದರು. ಸುರಿಯೋಣವೆಂದರೆ ಯಾವ ಎಲೆಯ ಮೇಲೂ ಹೋಳಿಗೆ ಇರಲಿಲ್ಲ. ಗಂಡ ಹತ್ತಿರ ಬಂದಾಗ ಅವರ ದನಿ ಬಹಳ ಸಣ್ಣದಾಗಿತ್ತು.

"ಜಾತಿ ಬಿಟ್ಟು ಕೊಟ್ಟೀವಂತ ನಮ್ಮನ್ಯಾಗ ಉಣವಲ್ಲರೇನ್ರಿ?"

ಇಷ್ಟು ವರ್ಷದಲ್ಲಿ ಹೆಂಡತಿ ಹೀಗೆ ಕೇಳಿದ್ದನ್ನು ಶಿವಪುತ್ರಪ್ಪನವರು ಕಂಡಿರಲಿಲ್ಲ. ಅವರು ನೇರ ಅನಸೂಯಳ ಎಲೆಯ ಮುಂದೆ ಹೋಗಿ ನಿಂತರು. ಯಾಕೆ ಉಣ್ಣುತ್ತಿಲ್ಲ, ನಿಜ ಹೇಳು ಎಂದರು. ಅನಸೂಯ ಎಲೆಯ ಮೇಲಿನ ಕೋಸಂಬರಿಯನ್ನು ಅತ್ತಿತ್ತ ಸರಿಸಿದಳು. ಎರಡನೆಯ ಸಲ ಕೇಳಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಸಾಲಾ ಮಾಡಿ ಹಾಕಿದ ಹೋಳಿಗಿ ನಮ್ಮ ಗಂಟಲಾಗ ಹೆಂಗ ಇಳೀಬೇಕ್ರಿ ಅಣ್ಣಾರ? ಊರೂರಿನ ಬ್ಯಾಂಕಿನ್ಯಾಗ ನೀವು ಕುಂತದ್ದು ನೋಡೇವಿ ನಾವು."

ಯಾವ ಸಾಲ, ಎಲ್ಲಿಯ ಸಾಲ ಎಂದು ಶಿವಪುತ್ರಪ್ಪನವರು ಕೇಳಿದ್ದಕ್ಕೆ, ಅವಳು ಕುರ್ಚಿಯ ತುದಿಯಿಂದ ಹಿಡಿದು ಸಂಘದ ಸಹಾಯದವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಸುತ್ತಮುತ್ತಲ ಎಲೆಯವರು ಅಲ್ಲಲ್ಲಿ ಒಂದೊಂದು ಮಾತು ಸೇರಿಸಿದರು. ಶಿವಪುತ್ರಪ್ಪನವರ ಕಿವಿ ಕೆಂಪಾಯಿತು. ಈಗ ಬಾಯಿ ಬಿಟ್ಟರೆ, ಲಾಸ್ ಕೊಲಿನಾಸಿನ ಹಿರಿಯ ಎಂಜಿನಿಯರು ಕೂಪನ್ ಹಿಡಿದು ಟೆಕ್ಸಾಸೆಲ್ಲ ಅಲೆದ ಸಂಗತಿ ಬೀಗರ ಮುಂದೆ, ಅಳಿಯನ ಮುಂದೆ, ಸಂಘದ ಮುಂದೆ ಹೊರಬೀಳುತ್ತದೆ. ಬಿಡದಿದ್ದರೆ, ಮರ್ಯಾದಸ್ಥ ಬಡವರಾಗಿ, ಎಲ್ಲರ ಗೌರವ ಪಡೆದುಕೊಂಡು ಉಳಿದ ಆಯುಷ್ಯ ಕಳೆಯಬಹುದು. ಅವರು ದಾಕ್ಷಾಯಣಿಯ ಕೈಯಲ್ಲಿದ್ದ ಪಾತ್ರೆಯ ಕಡೆ ನೋಡಿದರು. ತುಪ್ಪ ಹೆಪ್ಪುಗಟ್ಟಲು ಹತ್ತಿತ್ತು.

ಓಲಗದವರ ಮೈಕು ಅಲ್ಲೇ ಇತ್ತು.

"ಎಲ್ಲಾರಿಗೂ ಶರಣ್ರಿ. ನಾ ಯಾರ ಹತ್ರನೂ ಸಾಲಾ ಮಾಡಿಲ್ಲ. ಬ್ಯಾಂಕಿನವ್ರ ಹತ್ರ ನಾ ಕೇಳಾಕ ಹೋಗಿದ್ದಿಲ್ಲ, ಅವ್ರ ನನಗ ಕೊಡಾಕಹತ್ತಿದ್ರು. ಹೊಸಾ ಅಕೌಂಟ್ ತಗದ್ರ ಬೋನಸ್ ಕೊಡ್ತಾರ. ಮುನ್ನೂರು ಡಾಲರ್ ಸಲುವಾಗಿ ನಾಕು ತಾಸು ಗಾಡಿ ಹೊಡಕೊಂಡು ಇದಾ ಊರಿಗೆ ಬಂದಿದ್ದೆ. ಪೆಟ್ರೋಲಿಗೆ ಎಷ್ಟ ಹೋತು ಅಂತ ದಯಮಾಡಿ ಯಾರೂ ಕೇಳಬ್ಯಾಡ್ರಿ. ನನ್ನ ಆಸ್ತಿ, ರಿಟೈರ್ ಆದಮ್ಯಾಲಿನ ನನ್ನ 401ಕೆ ರೊಕ್ಕ ಎಲ್ಲಾ ನೆಟ್ಟಗ ಐತಿ. ನನ್ನ ಹೆಂಡ್ತಿ ಎರಡು ದಿವಸಾ ನಿಂತು ಹೋಳಿಗಿ ಮಾಡಿಸ್ಯಾಳ. ಉಣ್ರಿ."

ಮೂರನೆಯ ಸಾಲಿನಲ್ಲಿ ಸಂಪತ್ ಎಲೆಯ ಮೇಲೆ ಇನ್ನಷ್ಟು ಬಗ್ಗಿದ. ಅವನ ಗುಟ್ಟು ಐನೂರು ಜನರ ಮುಂದೆ ಬಿದ್ದಿತ್ತು. ಸಿಂಚನಾ, "ಓ ಮೈ ಗಾಡ್, ಅಪ್ಪಾ," ಎಂದು ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಸಭಾಂಗಣದ ಇನ್ನೊಂದು ತುದಿಯಿಂದ ಡಾಕ್ಟರ್ ಸೂರ್ಯನಾರಾಯಣ ಎದ್ದು ನಿಂತರು. ಮದುವಣಿಗನ ತಂದೆ, ಎಲ್ಲರ ಕಣ್ಣು ಅವರ ಕಡೆ ತಿರುಗಿತು.

"ಒಂದೊಂದು ಬ್ಯಾಂಕೂ ಮುನ್ನೂರು ಕೊಡತ್ತಾ?"

"ಕೆಲವು ಎರಡನೂರು, ಡಾಕ್ಟ್ರ."

"ಮೂವತ್ತು ವರ್ಷದಿಂದ ಒಂದೇ ಬ್ಯಾಂಕಲ್ಲಿದ್ದೀನಿ ಕಣ್ರೀ. ಒಂದು ಪೆನ್ನೂ ಸರಿಯಾಗಿ ಕೊಟ್ಟಿಲ್ಲ," ಎಂದು ಡಾಕ್ಟರು ನೊಂದು ನುಡಿದರು. ಕೂತವರೇ, "ಎರಡು ಹೋಳಿಗೆ ಹಾಕಪ್ಪ," ಎಂದರು.

ಎಲೆಗಳ ಮೇಲಿನ ಕೈಗಳು ಒಂದೊಂದಾಗಿ ಸರಿದವು. ಶುಗರ್ ಇದ್ದವರ ಶುಗರ್ ಅಲ್ಲೇ ವಾಸಿಯಾಯಿತು. ಟಾಕೋ ತಿಂದು ಬಂದವರು ತಮ್ಮ ಬುದ್ಧಿಯನ್ನು ಶಪಿಸಿಕೊಳ್ಳುತ್ತ ಸೊಂಟದ ಪಟ್ಟಿ ಸಡಿಲಿಸಿದರು. ಶಿವಪುತ್ರಪ್ಪನವರೇ ಬುಟ್ಟಿ ಹಿಡಿದು ಬಡಿಸಲು ಇಳಿದರು. ಆದರೆ ಪಂಕ್ತಿ ಮುಂದೆ ಸಾಗುವುದೇ ಕಷ್ಟವಾಯಿತು. ಪ್ರತಿ ಎಲೆಯ ಮುಂದೆಯೂ ನಿಂತು, ಸಂಬಳ ಎಷ್ಟು ತಿಂಗಳು ಹೋಗಬೇಕು, ಯಾವಾಗ ಮುಚ್ಚಬೇಕು, ಟ್ಯಾಕ್ಸ್ ಬೀಳುತ್ತದೆಯೇ ಎಂದು ಹೇಳಬೇಕಾಗುತ್ತಿತ್ತು. ಟ್ಯಾಕ್ಸಿನ ಪ್ರಶ್ನೆಗಳನ್ನು ಅವರು ಸಂಪತ್‌ನ ಎಲೆಗೆ ಕಳಿಸಿದರು. ಅವನ ಊಟ ಅರ್ಧಕ್ಕೇ ನಿಂತಿತು.

ಅನಸೂಯ ಬೆಳಿಗ್ಗೆಯೇ ಸಂಘದ ಹಣವನ್ನು ಮುಯ್ಯಿಯ ಲಕೋಟೆಯಲ್ಲಿ ಹಾಕಿ ಮದುಮಗಳ ಕೈಗಿತ್ತಿದ್ದಳು. ಈಗ ಅದನ್ನು ವಾಪಸು ಕೇಳುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ಶಿವಪುತ್ರಪ್ಪನವರು ಅದನ್ನು ತರಿಸಿ ಎಲ್ಲರ ಮುಂದೆ ಅವಳಿಗೆ ಕೊಟ್ಟರು. ಅವಳು, "ಅದರಾಗ ನಿಮ್ದೂ ಐತಿ ಅಣ್ಣಾರ," ಎಂದು ಮುಖ ತಿರುಗಿಸಿ ನಕ್ಕಳು. ಹುಷಾರಿಂದ ಇರು ಎಂದು ಆ ಮನುಷ್ಯನಿಗೆ ಹೇಳಿದೆಯಾ ಎಂದು ಯಾರೋ ಹಿಂದಿನಿಂದ ಅವಳನ್ನು ಕೇಳಿದರು. ಕೊನೆಗೆ ಆ ಲಕೋಟೆ ದೇವಸ್ಥಾನದ ಅನ್ನದಾನಕ್ಕೆ ಹೋಯಿತು.

ಕಡೆಯ ಪಂಕ್ತಿಗೆ ಮನೆಯವರು ಕೂತರು. ದಾಕ್ಷಾಯಣಿಯ ಒಂದು ಪಕ್ಕ ಮೀರಾ, ಇನ್ನೊಂದು ಪಕ್ಕ ಅನಸೂಯ. ನರಸಿಂಹ ಬರಿಗೈಯಲ್ಲಿ ಬಂದು ಅವರೆದುರು ಅಪರಾಧಿಯ ಹಾಗೆ ನಿಂತ.

"ಹೋಳಿಗೆ ಮುಗೀತು ಅಮ್ಮ. ಒಂದು ತುಂಡೂ ಇಲ್ಲ. ಎಂಥ ಮಾಡುದು, ಪಾಯಸ ಹಾಕ್ಲಾ?"

ದಾಕ್ಷಾಯಣಿ ತಲೆ ಎತ್ತಲಿಲ್ಲ. ಎಲೆಯ ತುದಿಯ ಉಪ್ಪನ್ನು ಬೆರಳಿನಿಂದ ಸರಿಮಾಡುತ್ತ ಇದ್ದರು.

"ಏನಂದಿ, ಕೇಳಿಸಲಿಲ್ಲ."

"ಹೋಳಿಗೆ ಮುಗೀತು ಅಂದೆ."

"ಇನ್ನೊಮ್ಮೆ ಹೇಳಪಾ, ಸ್ವಲ್ಪ ಜೋರಾಗಿ. ಆ ಬಾಗಲ ತನಕಾ ಕೇಳಬೇಕು."

ನರಸಿಂಹ ಏನೂ ತಿಳಿಯದೆ, ಬಾಗಿಲಿನ ಕಡೆ ತಿರುಗಿ, ಹೋಳಿಗೆ ಪೂರ್ತಿ ಮುಗಿದಿದೆ ಎಂದು ಕೂಗಿದ. ಹೊರಗೆ ಚಪ್ಪಲಿ ಹುಡುಕುತ್ತಿದ್ದವರು ತಿರುಗಿ ನೋಡಿದರು. ದಾಕ್ಷಾಯಣಿ ಬರೀ ಅನ್ನಕ್ಕೆ ಸಾರು ಹಾಕಿಸಿಕೊಂಡು ಬಹಳ ರುಚಿಯಿಂದ ಉಂಡರು.